ತೇಜಸ್ವಿ ಓದಿ ಮುಗಿಸಿದವರಿಗೆ ಮುಂದೇನು ಕೊಡೋಣ?

ಪುಸ್ತಕದಕ್ಕ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಒಂದು ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಇದೆ, ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ತೋಟದ ಮಾಲೀಕರೊಬ್ಬರು ಹೊಸ ಪುಸ್ತಕ ತಗೊಳ್ಳಿ ಅಂತ 15,000 ರೂಪಾಯಿ ಕೊಟ್ಟಿದ್ದಾರೆ. ಅದನ್ನು ಸರಿಯಾಗಿ ಖರ್ಚು ಮಾಡಬೇಕು.

ನಮ್ಮ ಕಡೆ ಓದುವವರಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತೇಜಸ್ವಿಯವರ ಪುಸ್ತಕ ಒಂದೂ ಕಪಾಟಿನಲ್ಲಿ ನಿಲ್ಲುವುದಿಲ್ಲ. ‘ಜುಗಾರಿ ಕ್ರಾಸ್’ನ ಕೊನೆಯ ಹಾಳೆಗಳು ಕಿತ್ತುಹೋಗಿ ಎಷ್ಟೋ ಕಾಲವಾಯಿತು. ಆದರೂ ಅದನ್ನೇ ಒಯ್ಯುತ್ತಾರೆ. ವಾಪಸ್ ತಂದಾಗ ‘ಕೊನೆಗೆ ಏನಾಯ್ತಕ್ಕಾ’ ಅಂತ ಕೇಳುತ್ತಾರೆ. ಮೊದಲೇ ಓದಿದವರು ಬೆಂಚಿನ ಮೇಲೆ ಕೂತಿದ್ದರೆ ಉಳಿದ ಕತೆ ಅವರ ಬಾಯಿಂದ ಬರುತ್ತದೆ.

ತೊಂದರೆ ಇರುವುದು ಆಮೇಲೆ. ‘ಕರ್ವಾಲೊ’ ಆಯ್ತು, ‘ಚಿದಂಬರ ರಹಸ್ಯ’ ಆಯ್ತು, ಕಾಡಿನ ಕಥೆಗಳು ಆಯ್ತು. ಮುಂದೆ? ನಾನು ಕೊಟ್ಟ ಪುಸ್ತಕ ಎರಡು ದಿನದಲ್ಲಿ ಓದದೆ ವಾಪಸ್ ಬರುತ್ತದೆ. ಆ ಹುಡುಗನೂ ಬರುವುದು ಬಿಡುತ್ತಾನೆ.

ನಮ್ಮಲ್ಲಿಗೆ ಬರುವವರು ಇವರು. ಪಿಯುಸಿ ಹುಡುಗರು, ಮೊಬೈಲಿನಲ್ಲಿ ಜಪಾನಿನ ಕಾರ್ಟೂನ್ ನೋಡಿ ‘ಅಂಥದ್ದು ಕನ್ನಡದಲ್ಲಿ ಇದೆಯಾ’ ಅನ್ನುವವರು. ಸಂಘದ ಸಭೆಗೆ ಬರುವ ಹೆಂಗಸರು, ಕೂತಲ್ಲೇ ಮುಗಿಯುವಂಥದ್ದು ಬೇಕು ಅನ್ನುವವರು. ಪೇಪರ್ ಓದಲು ಬರುವ ಹಿರಿಯರು. ಅಸ್ಸಾಮಿನಿಂದ ತೋಟಕ್ಕೆ ಕೆಲಸಕ್ಕೆ ಬಂದವರ ಮಕ್ಕಳು, ಶಾಲೆಯಲ್ಲಿ ಈಗಷ್ಟೇ ಕನ್ನಡ ಕಲಿಯುತ್ತಿರುವವರು.

ಬರೀ ಹೆಸರುಗಳ ಪಟ್ಟಿ ಬೇಡ. ಯಾರಿಗೆ ಕೊಡಬೇಕು, ಯಾಕೆ ಕೊಡಬೇಕು ಅಂತ ಹೇಳಿ. ಕತೆ, ಕಾದಂಬರಿ, ಪ್ರಬಂಧ, ಚಿತ್ರಕತೆ, ಯಾವುದಾದರೂ ಸರಿ.

ಘಾಟಿ ಮಳೆ, ಸಕಲೇಶಪುರ

ಗಿರಿಮನೆ ಶ್ಯಾಮರಾವ್. ‘ಕಾಫಿ ನಾಡಿನ ಕಿತ್ತಳೆ’ಯಿಂದ ಶುರು ಮಾಡಿ. ಒಂದು ಮುಗಿದರೆ ಅದೇ ಮಾಲಿಕೆಯ ಮುಂದಿನದು ಕೇಳಿಕೊಂಡು ಬರುತ್ತಾರೆ. ನಮ್ಮ ಸಕಲೇಶಪುರದವರು, ಕಾಡು ತೋಟ ಎಲ್ಲ ನೋಡಿ ಬರೆದವರು.

ಯಗಚಿ, ಬೇಲೂರು

ಹುಡುಗರಿಗೆ ಕಣ್ಣು ಮುಚ್ಚಿಕೊಂಡು ಕೆ.ಎನ್. ಗಣೇಶಯ್ಯ ಕೊಡಿ ಅಕ್ಕ. ‘ಕನಕ ಮುಸುಕು’ ಮೊದಲು ಕೊಡಿ. ಹೊಯ್ಸಳರ ಶಿಲ್ಪಗಳ ಕೈಯಲ್ಲಿ ಮುಸುಕಿನ ಜೋಳದ ತೆನೆಯಂಥದ್ದು ಕಾಣುತ್ತದಲ್ವಾ, ಅದರ ಸುತ್ತ ಹೆಣೆದ ಥ್ರಿಲ್ಲರ್. ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ನಮ್ಮ ಗುಡಿಗಳು ಅದಕ್ಕಿಂತ ಎಷ್ಟೋ ಹಳೆಯವು, ಬೇಲೂರಿನದು 1117. ಹಾಗಾದರೆ ಕಲ್ಲಿನಲ್ಲಿ ಆ ತೆನೆ ಎಲ್ಲಿಂದ ಬಂತು? ಈ ಪ್ರಶ್ನೆ ಇಟ್ಟುಕೊಂಡು ಕತೆ ಓಡುತ್ತದೆ.

ನನ್ನ ತಮ್ಮ ಪಠ್ಯಪುಸ್ತಕ ಬಿಟ್ಟು ಬೇರೆ ಮುಟ್ಟದವನು. ಇದನ್ನು ಓದಿದ ಮೇಲೆ ದೇವಸ್ಥಾನಕ್ಕೆ ಹೋಗಿ ಒಂದೊಂದು ಶಿಲ್ಪದ ಕೈಯನ್ನೂ ಫೋನಿನಲ್ಲಿ ಜೂಮ್ ಮಾಡಿ ನೋಡಿದ. ಚಿಕ್ಕಂದಿನಿಂದ ಅದೇ ಗುಡಿಯ ಮುಂದೆ ಓಡಾಡಿದವನು!

ಸಾಲಗಾಮೆ ರಸ್ತೆ, ಹಾಸನ

ಗಣೇಶಯ್ಯನವರ ಬಗ್ಗೆ ಒಂದು ಮಾತು. ಕತೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಹುಡುಗರು ಅದನ್ನೇ ಇತಿಹಾಸ ಅಂತ ನಂಬಿಬಿಡುತ್ತಾರೆ. ಅದು ಜೋಳವಲ್ಲ, ಮುತ್ತಿನಿಂದ ಮಾಡಿದ ಫಲದ ಕಲ್ಪನೆ ಅಂತ ಹೇಳುವ ವಿದ್ವಾಂಸರೂ ಇದ್ದಾರೆ. ಎರಡೂ ಕಡೆ ಹೇಳಿ ಕೊಡಬೇಕು.

ಯಗಚಿ, ಬೇಲೂರು

ಸಾರ್, ಅವರೇ ಪುಸ್ತಕದೊಳಗೆ ಅಡಿಟಿಪ್ಪಣಿ ಕೊಟ್ಟಿರುತ್ತಾರೆ, ಫೋಟೋ ಹಾಕಿರುತ್ತಾರೆ. ಯಾವುದು ಆಧಾರ, ಯಾವುದು ಕಲ್ಪನೆ ಅಂತ ಹುಡುಕಿಕೊಂಡು ಹೋಗಲು ದಾರಿ ಇದೆ. ಅವರು ಕೃಷಿ ವಿಜ್ಞಾನಿ, ಸುಮ್ನೆ ಕತೆ ಕಟ್ಟುವವರಲ್ಲ. ಹುಡುಗ ಮೊದಲು ನಂಬಲಿ, ಆಮೇಲೆ ಜಗಳ ಆಡಲಿ. ಓದದೇ ಇರುವವನಿಗೆ ಎರಡೂ ಆಗುವುದಿಲ್ಲ.

ಸಾಲಗಾಮೆ ರಸ್ತೆ, ಹಾಸನ

ಆ ಮಾತು ಸರಿ.

ಓದುಗಿ, ಪೆನ್ಷನ್ ಮೊಹಲ್ಲಾ, ಹಾಸನ

ಸಂಘದ ಹೆಂಗಸರಿಗೆ ಬಾನು ಮುಷ್ತಾಕ್ ಅವರ ಕತೆಗಳು. ಇದರಲ್ಲಿ ಯೋಚನೆ ಮಾಡುವುದೇ ಬೇಡ.

ನಾನು ಹೊಲಿಗೆ ಕ್ಲಾಸಿನಲ್ಲಿ ಹೇಳಿಕೊಡುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಒಂದು ಕತೆ ಗಟ್ಟಿಯಾಗಿ ಓದುವುದು ರೂಢಿ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಓದಿದ ದಿನ ಯಾರೂ ಮೆಷಿನ್ ಹತ್ತಿರ ಹೋಗಲಿಲ್ಲ. ಹೆಣ್ಣೊಬ್ಬಳು ದೇವರ ಜೊತೆಗೇ ಮಾತಿಗೆ ನಿಲ್ಲುವ ಕತೆ ಅದು. ಒಬ್ಬಳು ‘ಇದನ್ನು ಬರೆದವರು ನಮ್ಮ ಹಾಸನದವರಾ?’ ಅಂತ ಕೇಳಿದಳು. ಇನ್ನೊಬ್ಬಳು ಮುಸ್ಲಿಂ ಮನೆಯ ಹುಡುಗಿ. ‘ಟೀಚರ್, ನಮ್ಮ ಮನೆ ಮಾತು ಪುಸ್ತಕದಲ್ಲಿ ಹೀಗೇ ಇದೆ’ ಅಂದಳು. ಮಾರನೇ ದಿನ ಅವಳೇ ಓದಿದಳು. ಅದುವರೆಗೆ ಎಲ್ಲರ ಮುಂದೆ ಬಾಯಿ ಬಿಟ್ಟವಳಲ್ಲ.

2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಅದು ಅವರ 12 ಕತೆಗಳ ಇಂಗ್ಲಿಷ್ ಪುಸ್ತಕಕ್ಕೆ. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಸಣ್ಣ ಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಆದರೆ ನಮಗೆ ಕನ್ನಡದಲ್ಲೇ ಇದೆ. ಕನ್ನಡದ್ದನ್ನೇ ತರಿಸಿ.

ಕಾಫಿ ಕಣ, ಆಲ್ದೂರು

ಪ್ರಶಸ್ತಿ ಬಂದ ಕೂಡಲೇ ಎಲ್ಲರೂ ಅದನ್ನೇ ಹೇಳ್ತಾರೆ. ಮೊದಲು ಯಾರು ಓದಿದ್ರು?

ಓದುಗಿ, ಪೆನ್ಷನ್ ಮೊಹಲ್ಲಾ, ಹಾಸನ

ಓದಿದವರು ಇದ್ದರು ಅಣ್ಣ. ‘ಕರಿ ನಾಗರಗಳು’ ಕತೆಯನ್ನು ಇಟ್ಟುಕೊಂಡು ಗಿರೀಶ ಕಾಸರವಳ್ಳಿಯವರು 2004ರಲ್ಲೇ ‘ಹಸೀನಾ’ ಸಿನಿಮಾ ಮಾಡಿದರು. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿದ್ದು ಆ ಸಿನಿಮಾಕ್ಕೆ. ಬೂಕರ್ ಬರುವುದಕ್ಕಿಂತ ಎರಡು ದಶಕ ಹಿಂದಿನ ಮಾತು ಇದು. ಗಂಡ ಕೈಬಿಟ್ಟ ಹೆಣ್ಣು ಮಸೀದಿ ಮುಂದೆ ನ್ಯಾಯ ಕೇಳಲು ಕೂರುವ ಕತೆ. ಪ್ರಶಸ್ತಿ ನೋಡಿ ಓದಲು ಬಂದವರನ್ನೂ ಒಳಗೆ ಕರೆಯೋಣ. ಬಾಗಿಲಲ್ಲಿ ನಿಲ್ಲಿಸಿ ‘ಇಷ್ಟು ದಿನ ಎಲ್ಲಿದ್ದಿ’ ಅಂತ ಕೇಳುವುದು ಬೇಡ.

ಕಾಫಿ ಕಣ, ಆಲ್ದೂರು

ಸರಿ ಮಾರಾಯ್ರೆ, ಬೇಜಾರು ಮಾಡ್ಕೋಬೇಡಿ. ನಾನು ಕೇಳಿದ್ದು ನಿಜವಾದ ಪ್ರಶ್ನೆಯೇ. ಹಾಗಾದ್ರೆ ನನ್ನ ಕಡೆಯಿಂದ ಒಂದು: ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಸಣ್ಣ ಪುಸ್ತಕ. ಬಡತನದಲ್ಲಿದ್ದ ಮನೆಗೆ ಮಸಾಲೆ ಪುಡಿ ವ್ಯಾಪಾರದಿಂದ ದುಡ್ಡು ಬರುತ್ತದೆ. ಆಮೇಲೆ ಆ ಮನೆಯ ಜನ ಏನಾಗ್ತಾರೆ ಅನ್ನೋದು ಕತೆ. ಹಳೇ ಮನೆಯಲ್ಲಿ ಇರುವೆಗಳ ಜೊತೆ ಅಮ್ಮ ನಡೆಸುವ ಯುದ್ಧ ಇದೆಯಲ್ಲ, ಆ ಪುಟಗಳನ್ನು ಓದಿದವರು ಮರೆಯಲ್ಲ. ನಮ್ಮ ಕಡೆ ಕಾಫಿ ರೇಟು ಏರಿದಾಗ ಎಷ್ಟು ಮನೆಗಳಲ್ಲಿ ಇದೇ ನಡೆದಿಲ್ಲ ಹೇಳಿ? ದುಡ್ಡು ಬಂದ ವರ್ಷ ಅಣ್ಣತಮ್ಮಂದಿರ ಮಾತು ಕಡಿಮೆಯಾಗಿದ್ದನ್ನು ನಾನೇ ನೋಡಿದ್ದೇನೆ. ಬೆಂಗಳೂರಿನ ಕತೆ ಅಂತ ಬಿಡಬೇಡಿ.

ಇಂಜಿನಿಯರಿಂಗ್ ಮೂರನೇ ವರ್ಷ, ಹಾಸನ

ಎಲ್ಲರೂ ಫ್ಯಾಂಟಸಿ ವಿಷಯ ಬಿಟ್ಟು ಮುಂದೆ ಹೋಗಿಬಿಟ್ರಿ. ಅಕ್ಕ ಕೇಳಿದ್ದು ಪಿಯುಸಿ ಹುಡುಗರ ಬಗ್ಗೆ. ನೇರವಾಗಿ ಹೇಳ್ತೀನಿ, ಅವರಿಗೆ ಬೇಕಾದ್ದು ಕನ್ನಡದಲ್ಲಿ ಇಲ್ಲ. ಹೊಸ ಲೋಕ ಕಟ್ಟಬೇಕು, ಅದಕ್ಕೊಂದು ನಕ್ಷೆ ಇರಬೇಕು, ಮಾಯೆಗೂ ಒಂದು ನಿಯಮ ಇರಬೇಕು, ಐದಾರು ಭಾಗ ಬರಬೇಕು. ನಾನು ಅದಕ್ಕೇ ಇಂಗ್ಲಿಷ್ ಓದೋದು.

ತರೀಕೆರೆ ಪ್ಯಾಸೆಂಜರ್

ಇಲ್ಲ ಅನ್ನುವುದಕ್ಕೆ ಮುಂಚೆ ಚಂದ್ರಶೇಖರ ಕಂಬಾರರ ‘ಶಿಖರ ಸೂರ್ಯ’ ಓದಿದ್ದೀಯಾ ತಮ್ಮಾ? ಅವರ ಶಿವಾಪುರ ಒಂದು ಪೂರ್ತಿ ಲೋಕ. ಒಂದರಿಂದ ಇನ್ನೊಂದು ಪುಸ್ತಕಕ್ಕೆ ಬೆಳೆಯುತ್ತ ಹೋಗುತ್ತದೆ. ರಾಜರಿದ್ದಾರೆ, ಮೂಲಿಕೆ ಬಲ್ಲವರಿದ್ದಾರೆ, ಕಾಡಿನ ದೈವಗಳಿವೆ. ಅಧಿಕಾರದ ಹುಚ್ಚು ಹಿಡಿದವನ ಕತೆ ಅದು. ‘ಚಕೋರಿ’ ಕಾವ್ಯದ ಜೊತೆ ಇಟ್ಟು ಓದಿದರೆ ಇನ್ನೂ ಚೆಂದ. ನಕ್ಷೆ ಮಾತ್ರ ಇಲ್ಲ, ನೀನೇ ಬರಿ.

ಇಂಜಿನಿಯರಿಂಗ್ ಮೂರನೇ ವರ್ಷ, ಹಾಸನ

ಓದಿದ್ದೀನಿ ಅಣ್ಣ. ತುಂಬಾ ದೊಡ್ಡ ಪುಸ್ತಕ, ಮೊದಲ ನೂರು ಪುಟ ದಾಟುವ ತಾಳ್ಮೆ 16 ವರ್ಷದ ಹುಡುಗನಿಗೆ ಇರಲ್ಲ. ನನಗೇ ಎರಡನೇ ಸಲಕ್ಕೆ ಹಿಡಿಸಿದ್ದು. ಹಿಡಿಸಿದ ಮೇಲೆ ಬಿಡಲಿಲ್ಲ, ಅದೂ ನಿಜ. ಆದರೆ ಅದು ಮೊದಲ ಪುಸ್ತಕ ಅಲ್ಲ.

ಹಳೇ ಬೀರು, ಕೊಪ್ಪ

ಇಬ್ಬರೂ ಸರಿ ಹೇಳ್ತಿದ್ದೀರಿ. ಕನ್ನಡದಲ್ಲಿ ಮಾಯಾಲೋಕದ ಕತೆಗೆ ಏನೂ ಬರ ಇರಲಿಲ್ಲ. ನಾ. ಕಸ್ತೂರಿಯವರು ಆಲಿಸ್‌ಳನ್ನು ‘ಪಾತಾಳದಲ್ಲಿ ಪಾಪಚ್ಚಿ’ ಮಾಡಿ ತಂದರು. ‘ಚಂದಮಾಮ’ ಕನ್ನಡದಲ್ಲಿ 1949ರಿಂದ ಬಂತು. ಶಂಕರ್ ಬರೆದ ವಿಕ್ರಮ ಬೇತಾಳದ ಚಿತ್ರ ನೆನಪಿದೆಯಾ? ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ. ಆ ಒಂದು ಚಿತ್ರ ನೋಡಿ ಕತೆ ಓದಲು ಕೂತವರು ನಾವು. ದೊಡ್ಡವರಿಗೆ ರವಿ ಬೆಳಗೆರೆಯ ‘ಮಾಟಗಾತಿ’, ತೆಲುಗಿನಿಂದ ವಂಶಿ ತಂದ ಯಂಡಮೂರಿಯ ‘ತುಳಸೀದಳ’. ರಾತ್ರಿ ಹೊರಗೆ ಹೋಗಲು ಹೆದರುತ್ತಿದ್ದೆವು.

ಕಡಿಮೆ ಇರುವುದು ನಡುವಿನ ವಯಸ್ಸಿನವರಿಗೆ. ಹನ್ನೆರಡರಿಂದ ಹದಿನೆಂಟು. ಮಕ್ಕಳ ಕತೆ ಸಣ್ಣದಾಯಿತು, ದೊಡ್ಡವರ ಕಾದಂಬರಿ ಭಾರವಾಯಿತು ಅನ್ನುವ ವಯಸ್ಸು. ಅಲ್ಲಿ ನಮ್ಮ ಲೇಖಕರು ಜಾಸ್ತಿ ಬರೆದಿಲ್ಲ. ಅದನ್ನು ಗಟ್ಟಿಯಾಗಿ ಹೇಳೋಣ, ಯಾರಾದರೂ ಬರೆಯಲಿ.

ಸಾಲಗಾಮೆ ರಸ್ತೆ, ಹಾಸನ

ನಮ್ಮ ಜಿಲ್ಲೆಯವರನ್ನೇ ಮರೆತಿರಾ? ಸಂತೇಶಿವರದ ಭೈರಪ್ಪನವರ ‘ಯಾನ’, 2014ರದ್ದು. ಬೇರೆ ನಕ್ಷತ್ರದ ಕಡೆಗೆ ಹೊರಟ ಗಗನನೌಕೆಯಲ್ಲಿ ಒಬ್ಬ ಗಂಡು ಒಬ್ಬಳು ಹೆಣ್ಣು. ತಿರುಗಿ ಬರುವ ಹಾಗಿಲ್ಲ. ‘ಪರ್ವ’ ಬರೆದವರೇ 80 ದಾಟಿದ ಮೇಲೆ ಅಂತರಿಕ್ಷದ ಕಾದಂಬರಿ ಬರೆದರು. ವಿಜ್ಞಾನ ಓದುವ ಹುಡುಗರಿಗೆ ಇದನ್ನು ಕೊಟ್ಟು ನೋಡಿ.

ಇಂಜಿನಿಯರಿಂಗ್ ಮೂರನೇ ವರ್ಷ, ಹಾಸನ

‘ಯಾನ’ ಗೊತ್ತಿರಲಿಲ್ಲ. ತಗೊಂಡು ಓದ್ತೀನಿ ಸಾರ್.

ಟೀಚರ್, ಬಾಳೆಹೊನ್ನೂರು

ಒಂದು ಸಲಹೆ. ಪಿಯುಸಿ ಹುಡುಗರಿಗಾಗಿ ನಾಲ್ಕೈದು ಇಂಗ್ಲಿಷ್ ಫ್ಯಾಂಟಸಿ ಪುಸ್ತಕವನ್ನೂ ಇಡಿ. ಕನ್ನಡ ಲೈಬ್ರರಿಯಲ್ಲಿ ಇಂಗ್ಲಿಷ್ ಯಾಕೆ ಅಂತ ಕೆಲವರು ಕೇಳ್ತಾರೆ, ಕೇಳಲಿ. ಓದುವ ಹುಡುಗ ಯಾವ ಭಾಷೆಯಲ್ಲಿ ಓದಿದರೂ ಓದುಗನೇ. ಕೂತು ಓದುವುದು ರೂಢಿಯಾದವನು ಪಕ್ಕದ ಕಪಾಟಿಗೂ ಕೈ ಹಾಕುತ್ತಾನೆ.

ಕಾಫಿ ಕಣ, ಆಲ್ದೂರು

ಇದಕ್ಕೆ ನನ್ನ ವಿರೋಧ ಇದೆ ಟೀಚರ್. ಇಂಗ್ಲಿಷ್ ಪುಸ್ತಕ ಚಿಕ್ಕಮಗಳೂರಿಗೆ ಹೋದರೆ ಸಿಗುತ್ತೆ, ಆನ್‌ಲೈನ್‌ನಲ್ಲಿ ನಾಳೆಯೇ ಮನೆಗೆ ಬರುತ್ತೆ. ಕನ್ನಡದ ಹೊಸ ಕಥಾ ಸಂಕಲನ ಆ ಹಳ್ಳಿ ತಲುಪುವುದು ಈ ಲೈಬ್ರರಿ ಮೂಲಕ ಮಾತ್ರ. 15,000 ರೂಪಾಯಿಯಲ್ಲಿ ಎರಡನ್ನೂ ಮಾಡಲು ಹೋದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಟೀಚರ್, ಬಾಳೆಹೊನ್ನೂರು

ಆನ್‌ಲೈನ್‌ನಲ್ಲಿ ತರಿಸುವ ಮನೆಯ ಹುಡುಗರು ಪಂಚಾಯಿತಿ ಲೈಬ್ರರಿಗೆ ಬರಲ್ಲ ಅಲ್ವಾ? ಬರುವವರಿಗೆ ಅಪ್ಪ ಅಮ್ಮನ ಹತ್ತಿರ ದುಡ್ಡು ಕೇಳುವ ಧೈರ್ಯ ಇರುವುದಿಲ್ಲ. ದಾನವಾಗಿ ಬಂದ ಹಳೇ ಇಂಗ್ಲಿಷ್ ಪುಸ್ತಕ ಸಾಕು, ಈ ದುಡ್ಡು ಮುಟ್ಟುವುದೇ ಬೇಡ. ನನ್ನ ಮನೆಯಲ್ಲಿರುವುದನ್ನು ನಾನೇ ಕಳಿಸ್ತೀನಿ.

ಕಾಫಿ ಕಣ, ಆಲ್ದೂರು

ಹಾಗಾದ್ರೆ ನನ್ನದೇನೂ ತಕರಾರಿಲ್ಲ.

ನಿವೃತ್ತ ಮೇಷ್ಟ್ರು, ಅರಕಲಗೂಡು

ಪೇಪರ್ ಓದಲು ಬರುವ ಹಿರಿಯರ ಬಗ್ಗೆ ಯಾರೂ ಮಾತಾಡಿಲ್ಲ. ನಾನೂ ಆ ಗುಂಪಿನವನೇ. ನಮಗೆ ಕಣ್ಣು ಬೇಗ ದಣಿಯುತ್ತದೆ. ಎಂಟು ಹತ್ತು ಪುಟಕ್ಕೆ ಒಂದು ವಿಷಯ ಮುಗಿಯಬೇಕು. ಅದಕ್ಕೆ ಪ್ರಬಂಧಕ್ಕಿಂತ ಒಳ್ಳೆಯದಿಲ್ಲ.

ಗೊರೂರು ರಾಮಸ್ವಾಮಿ ಅಯ್ಯಂಗಾರರಿಂದ ಶುರು ಮಾಡಿ. ಹೇಮಾವತಿ ನಿಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ನಮ್ಮ ಗೊರೂರಿಗೆ ಬರುತ್ತಾಳೆ. ಅವಳ ದಂಡೆಯ ಜನರನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ. ‘ಹಳ್ಳಿಯ ಚಿತ್ರಗಳು’ ಹಳೆಯದಾಯಿತು ಅಂತ ಅನಿಸಿದರೆ ‘ಅಮೆರಿಕಾದಲ್ಲಿ ಗೊರೂರು’ ಕೊಡಿ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಈಗ ಮಗಳ ಬಾಣಂತನಕ್ಕೆ, ಮೊಮ್ಮಗನನ್ನು ನೋಡಿಕೊಳ್ಳಲು ಅಮೆರಿಕಕ್ಕೆ ಹೋಗಿ ಬರುವ ಅಜ್ಜ ಅಜ್ಜಿಯರು ನಮ್ಮ ಜಿಲ್ಲೆಯಲ್ಲಿ ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರಿಗೆ ಇದು ತಮ್ಮದೇ ಕತೆ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎರಡನೆಯದು. ತೇಜಸ್ವಿ ಇಷ್ಟಪಟ್ಟವರಿಗೆ ಇದು ಖಂಡಿತ ಹಿಡಿಸುತ್ತದೆ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಸುತ್ತುವ ಪುಸ್ತಕ. ಚಿತ್ರಗಳನ್ನೂ ಅವರೇ ಬರೆದರು. ನಮ್ಮ ಕಾಲದಲ್ಲಿ ಸಸ್ಯಶಾಸ್ತ್ರ ಅಂದರೆ ಬಾಯಿಪಾಠ. ಈ ಪುಸ್ತಕ ಓದಿದ ಮೇಲೆ ನಾನು ಮಕ್ಕಳನ್ನು ಶಾಲೆಯ ಹಿಂದಿನ ಬೇಲಿ ಹತ್ತಿರ ಕರೆದುಕೊಂಡು ಹೋಗಿ ಪಾಠ ಮಾಡಲು ಶುರು ಮಾಡಿದೆ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನರಗಳನ್ನು ನೋಡಿ, ವಾಸನೆ ನೋಡಿ, ಊರಲ್ಲಿ ಅದಕ್ಕೇನು ಹೆಸರು ಅಂತ ಮನೆಯಲ್ಲಿ ಕೇಳಿ ಬನ್ನಿ ಅನ್ನುತ್ತಿದ್ದೆ. ಒಂದೇ ಗಿಡಕ್ಕೆ ಮೂರು ಮನೆಯಿಂದ ಮೂರು ಹೆಸರು ಬರುತ್ತಿತ್ತು. ಮಕ್ಕಳು ಅದಕ್ಕೇ ಜಗಳ ಆಡುತ್ತಿದ್ದರು. ಆ ಜಗಳವೇ ಪಾಠ.

ಈಗಿನವರಲ್ಲಿ ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’, ನಾಗೇಶ ಹೆಗಡೆಯವರ ವಿಜ್ಞಾನ ಬರಹಗಳು, ದೇವನೂರ ಮಹಾದೇವರ ‘ಎದೆಗೆ ಬಿದ್ದ ಅಕ್ಷರ’. ಜಯಂತ ಕಾಯ್ಕಿಣಿಯವರ ‘ಬೊಗಸೆಯಲ್ಲಿ ಮಳೆ’ಯನ್ನು ನಿಮ್ಮ ಕಡೆಯ ಮಳೆಗಾಲಕ್ಕೆ ಅಂತಲೇ ಇಡಿ.

ತರೀಕೆರೆ ಪ್ಯಾಸೆಂಜರ್

ಮೇಷ್ಟ್ರೇ, ನಮ್ಮ ತರೀಕೆರೆಯವರನ್ನು ಬಿಟ್ಟಿರಿ! ರಹಮತ್ ತರೀಕೆರೆ. ‘ಕತ್ತಿಯಂಚಿನ ದಾರಿ’ಗೆ 2010ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು, ಅದು ವಿಮರ್ಶೆ, ಸ್ವಲ್ಪ ಗಟ್ಟಿ. ಮೊದಲಿಗೆ ಬೇಡ. ಪ್ರವಾಸದ ‘ಅಂಡಮಾನ್ ಕನಸು’, ಆತ್ಮಕತೆ ‘ಕುಲುಮೆ’ ಕೊಡಿ. ನಮ್ಮ ಕಡೆಯ ಹಳ್ಳಿ ಮನೆ, ಕೆಲಸ, ಬಡತನ, ಹಬ್ಬ ಎಲ್ಲ ಅದರಲ್ಲಿದೆ.

ನಿವೃತ್ತ ಮೇಷ್ಟ್ರು, ಅರಕಲಗೂಡು

‘ಕುಲುಮೆ’ ಸೇರಿಸಿಕೊಳ್ಳಿ. ಒಳ್ಳೆಯ ಹೆಸರು ನೆನಪಿಸಿದಿರಿ.

ಘಾಟಿ ಮಳೆ, ಸಕಲೇಶಪುರ

ಅಲ್ಲ, ತೇಜಸ್ವಿ ಆದ ಮೇಲೆ ಅವರ ಅಪ್ಪನ ‘ಮಲೆಗಳಲ್ಲಿ ಮದುಮಗಳು’ ಯಾಕೆ ಬೇಡ? ‘ಕರ್ವಾಲೊ’ಗೆ ಅಕಾಡೆಮಿ ಪ್ರಶಸ್ತಿ ಬಂದಾಗ ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ಓದಿದ್ದರು.

ಸಾಲಗಾಮೆ ರಸ್ತೆ, ಹಾಸನ

ಅಕಾಡೆಮಿ ಬಂದಿದ್ದು ‘ಚಿದಂಬರ ರಹಸ್ಯ’ಕ್ಕೆ, 1987ರಲ್ಲಿ. ‘ಮದುಮಗಳು’ ಈಗಾಗಲೇ ಎಲ್ಲ ಲೈಬ್ರರಿಯಲ್ಲೂ ಇರುತ್ತೆ. ಅಕ್ಕನ ದುಡ್ಡು ಹೊಸಬರಿಗೆ ಹೋಗಲಿ.

ಕಾಫಿ ಕಣ, ಆಲ್ದೂರು

ಹೊಸಬರು ಅಂದ್ರೆ ಯಾರು? ನನಗೂ ಹೇಳಿ, ನಾನು ಶಾನಭಾಗ, ವಸುಧೇಂದ್ರ, ಕಾಯ್ಕಿಣಿ ಆದ ಮೇಲೆ ನಿಂತುಬಿಟ್ಟಿದ್ದೇನೆ.

ಓದುಗಿ, ಪೆನ್ಷನ್ ಮೊಹಲ್ಲಾ, ಹಾಸನ

ಮಂಜುನಾಯಕ ಚಳ್ಳೂರು ಅವರ ‘ಫೂ’ ಓದಿ, 2023ರ ಯುವ ಪುರಸ್ಕಾರ ಬಂದಿದ್ದು ಅದಕ್ಕೆ. ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’. ಸ್ವಾಮಿ ಪೊನ್ನಾಚಿಯವರ ‘ಧೂಪದ ಮಕ್ಕಳು’. ಹೊಸಬರನ್ನು ಹುಡುಕುವ ಸುಲಭ ದಾರಿ ಒಂದಿದೆ. ವಸುಧೇಂದ್ರ ಅವರು 2004ರಲ್ಲಿ ಶುರು ಮಾಡಿದ ಛಂದ ಪುಸ್ತಕದವರು ಮೊದಲ ಸಲ ಬರೆಯುವವರ ಹಸ್ತಪ್ರತಿ ಕರೆದು, ಆರಿಸಿ ಪುಸ್ತಕ ಮಾಡುತ್ತಾರೆ. ಹಾಗೆ ಬಂದ ಕಥಾ ಸಂಕಲನಗಳನ್ನು ತರಿಸಿದರೆ ಕನ್ನಡದ ಕತೆ ಈಗ ಎಲ್ಲಿದೆ ಅಂತ ಗೊತ್ತಾಗುತ್ತದೆ.

ನಿಮ್ಮ ಜಿಲ್ಲೆಯವರೇ ಬೇಕಾದರೆ ಎಂ.ಆರ್. ದತ್ತಾತ್ರಿ ಇದ್ದಾರೆ, ಚಿಕ್ಕಮಗಳೂರಿನವರು. ಅಮೆರಿಕದ ಬದುಕಿನ ಬಗ್ಗೆ ‘ದ್ವೀಪವ ಬಯಸಿ’ ಬರೆದಿದ್ದಾರೆ. ಮಗ ಮಗಳು ದೂರ ದೇಶದಲ್ಲಿರುವ ಮನೆಯವರಿಗೆ ಕೊಡಿ.

ಯಗಚಿ, ಬೇಲೂರು

ವಸುಧೇಂದ್ರ ಹೆಸರು ಬಂತಲ್ಲ, ‘ತೇಜೋ ತುಂಗಭದ್ರಾ’ ಬಿಡಬೇಡಿ. ಲಿಸ್ಬನ್ನಿನ ತೇಜೋ ನದಿ ದಡದಲ್ಲಿ ಒಂದು ಕತೆ, ವಿಜಯನಗರದ ತುಂಗಭದ್ರೆ ದಡದಲ್ಲಿ ಇನ್ನೊಂದು. ದಪ್ಪ ಪುಸ್ತಕವಾದರೂ ಓದಿಸಿಕೊಂಡು ಹೋಗುತ್ತೆ. ಫ್ಯಾಂಟಸಿ ಬೇಕು ಅನ್ನುವ ಹುಡುಗರಿಗೂ ಇದನ್ನೇ ಕೊಡಿ: ಹಡಗು ಇದೆ, ಯುದ್ಧ ಇದೆ, ಪ್ರೀತಿ ಇದೆ. ತುಂಗೆ, ಭದ್ರೆ ಎರಡೂ ಹುಟ್ಟುವುದು ನಿಮ್ಮ ಜಿಲ್ಲೆಯ ಗಂಗಾಮೂಲದಲ್ಲಿ. ಅಷ್ಟು ಹೇಳಿ ಕೊಟ್ಟರೆ ಸಾಕು, ತಗೊಳ್ತಾರೆ.

ಪುಸ್ತಕದಕ್ಕ, ಮೂಡಿಗೆರೆ

ಎಷ್ಟು ಜನ, ಎಷ್ಟು ಹೆಸರು! ಬರೆದುಕೊಳ್ಳುತ್ತಿದ್ದೇನೆ. ‘ಯಾರಿಗೆ ಕೊಡಬೇಕು’ ಅಂತ ಸೇರಿಸಿ ಹೇಳುತ್ತಿದ್ದೀರಲ್ಲ, ನನಗೆ ಬೇಕಾಗಿದ್ದು ಅದೇ. ಆದರೆ ಮಕ್ಕಳ ವಿಷಯ ಇನ್ನೂ ಬಂದಿಲ್ಲ. ಚಿತ್ರಕತೆ ಬಗ್ಗೆ ಯಾರಾದರೂ ಹೇಳಿ.

ಹಳೇ ಬೀರು, ಕೊಪ್ಪ

ಇದು ನನ್ನ ವಿಷಯ. ನಮ್ಮ ಮನೆಯ ಬೀರು ತುಂಬಾ ಅದೇ ಇದೆ. ‘ಸುಧಾ’ದಲ್ಲಿ ಬರುತ್ತಿದ್ದ ಫ್ಯಾಂಟಮ್ ಪುಟಗಳನ್ನು ನಮ್ಮಪ್ಪ ಕತ್ತರಿಸಿ ಹೊಲಿದು ಇಟ್ಟಿದ್ದಾರೆ. ಇಂದ್ರಜಾಲ ಕಾಮಿಕ್ಸ್ ಕನ್ನಡದ್ದೂ ಇದೆ. ‘ಬಾಲಮಂಗಳ’ದ ಡಿಂಗನಿಗಾಗಿ ಅಂಗಡಿ ಮುಂದೆ ಕಾದಿದ್ದು ನನ್ನ ವಯಸ್ಸಿನವರಿಗೆಲ್ಲ ಗೊತ್ತು.

ಒಂದು ಸಂಗತಿ ಹೇಳಲೇಬೇಕು. ‘ಅಮರ ಚಿತ್ರ ಕಥೆ’ಯ ಇಂಗ್ಲಿಷ್ ‘ಕೃಷ್ಣ’ದ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿ ಬಂದಿದ್ದವು, ಪಾಶ್ಚಾತ್ಯ ಮಕ್ಕಳ ಕತೆಗಳು. ಅಂದರೆ ಆ ಇಡೀ ಮಾಲಿಕೆ ಕಣ್ಣು ಬಿಟ್ಟಿದ್ದು ಕನ್ನಡದಲ್ಲಿ. ಅದನ್ನು ಬೆಳೆಸಿದ ಅನಂತ ಪೈ ಹುಟ್ಟಿದ್ದೂ ನಮ್ಮ ಘಟ್ಟದ ಕೆಳಗಿನ ಕಾರ್ಕಳದಲ್ಲಿ. ಅಂಥ ಕನ್ನಡದಲ್ಲಿ ಈಗ ಹೊಸ ಕಾಮಿಕ್ಸ್ ಹುಡುಕಬೇಕಾಗಿದೆ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಚಿತ್ರ ಬರೆಯುವ ಹುಡುಗ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅಚ್ಚು ಹಾಕುವವರು ಮುಂದೆ ಬರಬೇಕು.

ದೊಡ್ಡ ಹುಡುಗರಿಗೆ ಇಂಗ್ಲಿಷಿನ ‘ಭೀಮಾಯಣ’ ಒಂದು ಪ್ರತಿ ಇಡಿ. ಅಂಬೇಡ್ಕರ್ ಅವರ ಬದುಕನ್ನು ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಗೊಂಡ ಶೈಲಿಯಲ್ಲಿ ಚಿತ್ರಿಸಿದ್ದಾರೆ. ಚೌಕ ಚೌಕ ಮಾಡಿ ಕೂರಿಸಿಲ್ಲ. ಬಾಯಾರಿದ ಹುಡುಗನ ಕತೆ ಇರುವ ಪುಟದಲ್ಲಿ ನೀರು, ಮೀನು ಎಲ್ಲ ಚಿತ್ರದೊಳಗೇ ಸೇರಿಕೊಂಡಿವೆ. ಮಾತು ಓದಲು ಬಾರದಿದ್ದರೂ ಚಿತ್ರ ಓದಬಹುದು.

ಟೀಚರ್, ಬಾಳೆಹೊನ್ನೂರು

ಅಸ್ಸಾಮಿನ ಮಕ್ಕಳಿಗೆ ಒಂದು ಒಳ್ಳೆಯ ದಾರಿ ಇದೆ, ದುಡ್ಡೂ ಬೇಡ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅಂತ ಜಾಲತಾಣ. ಚಿತ್ರದ ಪುಸ್ತಕಗಳು ಕನ್ನಡದಲ್ಲಿ, ಅಸ್ಸಾಮಿಯಲ್ಲಿ, ಇನ್ನೂ ಹಲವು ಭಾಷೆಯಲ್ಲಿ ಇವೆ. ಓದುವ ಮಟ್ಟ 1ರಿಂದ 4ರವರೆಗೆ ವಿಂಗಡಿಸಿದ್ದಾರೆ. ಮುಕ್ತ ಪರವಾನಗಿ ಇರುವುದರಿಂದ ನಾವೇ ಪ್ರಿಂಟ್ ತೆಗೆದುಕೊಳ್ಳಬಹುದು.

ಎರಡೂ ಭಾಷೆಯಲ್ಲಿ ಸಿಗುವ ಕತೆ ಹುಡುಕಿ, ಒಂದು ಪುಟ ಕನ್ನಡದ್ದು, ಎದುರು ಪುಟ ಅಸ್ಸಾಮಿಯದು ಬರುವಂತೆ ಜೋಡಿಸಿ ಪಿನ್ ಹೊಡೆಯಿರಿ. ನಾನು ನಮ್ಮ ಶಾಲೆಯಲ್ಲಿ ಮಾಡಿದ್ದೇನೆ. ಮಗು ಮನೆಗೆ ಒಯ್ದಾಗ ಅಮ್ಮ ಅಸ್ಸಾಮಿಯಲ್ಲಿ ಓದಿದಳು, ಮಗು ಅಮ್ಮನಿಗೆ ಕನ್ನಡದ್ದು ಓದಿ ಹೇಳಿತು. ತೋಟದ ಹಾಜರಿ ತಪ್ಪುತ್ತದೆ ಅಂತ ಹೆದರಿ ಶಾಲೆ ಕಡೆ ಮುಖ ಹಾಕದ ಅಮ್ಮ ಮುಂದಿನ ಪುಸ್ತಕ ಕೇಳಲು ಬಂದಳು.

ಪುಸ್ತಕದಕ್ಕ, ಮೂಡಿಗೆರೆ

ಟೀಚರ್, ಇದನ್ನು ನಾಳೆಯೇ ಮಾಡುತ್ತೇನೆ. ಪಂಚಾಯಿತಿಯಲ್ಲಿ ಪ್ರಿಂಟರ್ ಇದೆ.

ಘಾಟಿ ಮಳೆ, ಸಕಲೇಶಪುರ

ಪುಸ್ತಕ ತರಿಸಿದ ಮೇಲೆ ಬೂಷ್ಟು ಹಿಡಿಯದಂತೆ ಏನು ಮಾಡ್ತೀರಿ? ನಮ್ಮಲ್ಲಿ ಜುಲೈ ಬಂದರೆ ರಟ್ಟಿನ ಮೇಲೆ ಬಿಳಿ ಪುಡಿ ಎದ್ದುಬಿಡುತ್ತೆ.

ಕಾಫಿ ಕಣ, ಆಲ್ದೂರು

ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಹಳೇ ಕಾಲದ ಬಲ್ಬ್ ಹಾಕಿ, ಎಲ್‌ಇಡಿ ಬೇಡ, ಅದು ಬಿಸಿ ಆಗಲ್ಲ. ಪುಸ್ತಕಕ್ಕೆ ತಗಲದ ಹಾಗೆ ಇರಲಿ. ಗೋಡೆಗೆ ಒತ್ತಿ ಕಪಾಟು ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ನಿವೃತ್ತ ಮೇಷ್ಟ್ರು, ಅರಕಲಗೂಡು

ಒಣಗಿದ ಬೇವಿನ ಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಡಿ, ಹುಳಕ್ಕೆ. ಬಿಸಿಲು ಬಿದ್ದ ದಿನ ಪುಸ್ತಕ ಬಿಡಿಸಿ ನೆರಳಿನಲ್ಲಿ ಗಾಳಿಗೆ ಇಡಿ, ನೇರ ಬಿಸಿಲಿಗೆ ಬೇಡ, ರಟ್ಟು ಸೊಟ್ಟಗಾಗುತ್ತದೆ.

ಹಳೇ ಬೀರು, ಕೊಪ್ಪ

ಪ್ಲಾಸ್ಟಿಕ್ ಹೊದಿಕೆ ಹಾಕಿ ಬಿಗಿಯಾಗಿ ಅಂಟಿಸಬೇಡಿ. ಒಳಗೆ ತೇವ ಸೇರಿದರೆ ಹೊರಗೆ ಹೋಗುವುದಿಲ್ಲ. ನಮ್ಮ ಇಂದ್ರಜಾಲ ಪುಸ್ತಕಗಳಿಗೆ ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ, ಇವತ್ತಿಗೂ ಗಟ್ಟಿ ಇವೆ.

ಇಂಜಿನಿಯರಿಂಗ್ ಮೂರನೇ ವರ್ಷ, ಹಾಸನ

ಮೂಲ ವಿಷಯಕ್ಕೆ ಬರೋಣ. ಕೆಲಸದ ಮಧ್ಯೆ ಓದಲು ಆಗದವರಿಗೆ ಕೇಳುವ ಪುಸ್ತಕ ಹೇಳಿ ಅಕ್ಕ. ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡದ ಆಡಿಯೋ ಪುಸ್ತಕಗಳಿವೆ. ನಮ್ಮಮ್ಮ ಅಡುಗೆ ಮಾಡುತ್ತ ಕೇಳ್ತಾರೆ.

ಘಾಟಿ ಮಳೆ, ಸಕಲೇಶಪುರ

ತೋಟದಲ್ಲಿ ನೆಟ್‌ವರ್ಕ್ ಎಲ್ಲಿದೆ ತಮ್ಮಾ?

ಇಂಜಿನಿಯರಿಂಗ್ ಮೂರನೇ ವರ್ಷ, ಹಾಸನ

ಲೈಬ್ರರಿಯ ವೈಫೈಯಲ್ಲಿ ಇಳಿಸಿಕೊಂಡು ಹೋಗಬಹುದಲ್ವಾ ಅಣ್ಣ.

ಓದುಗಿ, ಪೆನ್ಷನ್ ಮೊಹಲ್ಲಾ, ಹಾಸನ

ಅಕ್ಕ, ತರಿಸುವಾಗ ಪ್ರಕಾಶಕರಿಗೇ ಫೋನ್ ಮಾಡಿ. ಹೆಗ್ಗೋಡಿನ ಅಕ್ಷರ ಪ್ರಕಾಶನ, ಶಿವಮೊಗ್ಗದ ಅಹರ್ನಿಶಿ ನಿಮಗೆ ಹತ್ತಿರ. ಲೈಬ್ರರಿಗೆ ಅಂತ ಹೇಳಿ ರಿಯಾಯಿತಿ ಕೇಳಿ. ಎಲ್ಲವನ್ನೂ ಒಂದೇ ಸಲ ತರಿಸಬೇಡಿ. ಅರ್ಧ ದುಡ್ಡಿಗೆ ತರಿಸಿ, ಯಾವುದು ಓಡುತ್ತೆ ನೋಡಿ, ಆಮೇಲೆ ಉಳಿದದ್ದು.

ಸಾಲಗಾಮೆ ರಸ್ತೆ, ಹಾಸನ

ಇದು ಸರಿಯಾದ ಮಾತು. ಓದದೆ ವಾಪಸ್ ಬಂದ ಪುಸ್ತಕವನ್ನೂ ಗುರುತು ಹಾಕಿಕೊಳ್ಳಿ. ಯಾವ ಪುಟಕ್ಕೆ ಬಿಟ್ಟೆ ಅಂತ ಹುಡುಗನನ್ನು ಕೇಳಿ. ನೂರನೇ ಪುಟಕ್ಕೆ ಬಿಟ್ಟವನು ಬೇರೆ, ಮೂರನೇ ಪುಟಕ್ಕೆ ಬಿಟ್ಟವನು ಬೇರೆ. ಇಬ್ಬರಿಗೂ ಮುಂದಿನ ಪುಸ್ತಕ ಒಂದೇ ಆಗುವುದಿಲ್ಲ.

ಪುಸ್ತಕದಕ್ಕ, ಮೂಡಿಗೆರೆ

ಹಾಗೇ ಮಾಡುತ್ತೇನೆ ಸಾರ್. ಮೊದಲ ಕಂತಿನಲ್ಲಿ ಬಾನು ಮುಷ್ತಾಕ್, ಗಣೇಶಯ್ಯ, ‘ಘಾಚರ್ ಘೋಚರ್’, ‘ಹಸುರು ಹೊನ್ನು’, ‘ಕುಲುಮೆ’ ತರಿಸುತ್ತೇನೆ. ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದುವುದನ್ನೂ ಶುರು ಮಾಡುತ್ತೇನೆ, ಮೊದಲ ಕತೆ ನಾನೇ ಓದುತ್ತೇನೆ. ‘ಶಿಖರ ಸೂರ್ಯ’ ಎರಡನೇ ಕಂತಿಗೆ. ಅದರೊಳಗೆ ‘ಕನಕ ಮುಸುಕು’ ಮುಗಿಸಿದ ಹುಡುಗರು ಯಾರು ಅಂತ ಗೊತ್ತಾಗಿರುತ್ತದೆ.

ತರೀಕೆರೆ ಪ್ಯಾಸೆಂಜರ್

‘ಜುಗಾರಿ ಕ್ರಾಸ್’ನ ಹೊಸ ಪ್ರತಿಯನ್ನೂ ಸೇರಿಸಿ. ಅದರ ದುಡ್ಡು ನಾನು ಕೊಡ್ತೀನಿ.

ಹಳೇ ಬೀರು, ಕೊಪ್ಪ

ನನ್ನ ಹತ್ತಿರ ‘ಚಂದಮಾಮ’ ಎರಡೆರಡು ಪ್ರತಿ ಇರುವುದು ಒಂದು ಪೆಟ್ಟಿಗೆ ಆಗುತ್ತದೆ. ಶೃಂಗೇರಿ ಕಡೆಯಿಂದ ಬರುವ ಬಸ್ಸಿಗೆ ಹಾಕಲಾ, ಇಲ್ಲ ಬಾಳೆಹೊನ್ನೂರು ಟೀಚರ್ ಮನೆಗೆ ತಲುಪಿಸಲಾ?

ಟೀಚರ್, ಬಾಳೆಹೊನ್ನೂರು

ನಮ್ಮ ಮನೆಗೇ ತಂದುಕೊಡಿ. ಇಂಗ್ಲಿಷ್ ಪುಸ್ತಕದ ಚೀಲವೂ ಹೋಗಬೇಕಲ್ಲ, ಶನಿವಾರ ಎರಡನ್ನೂ ಒಟ್ಟಿಗೆ ಒಯ್ಯುತ್ತೇನೆ. ಮಳೆ ಇದ್ದರೆ ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿ ಕೊಡಿ.